ದ್ರಾಕ್ಷಿ ಹೋಗಿ ರಾಕ್ಷಿ ಆಯ್ತು

ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ಕಾಕಾ ಒಬ್ಬರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮೊದಲ ಪ್ಯಾರಾ 'ದ್ರಾಕ್ಷಿ' ಅಂತಲೇ ಶುರು. ಪೇಪರಿನಲ್ಲಿ ಬರೋ ಹಾಗೆ ಮೊದಲ ಅಕ್ಷರ ದೊಡ್ಡದಾಗಿ, ಕೆಂಪಗೆ ಕಾಣಲಿ ಅಂತ ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಒಂದು ಸಾಲು ಹಾಕಿದ್ದೆ. ಕಾಕಾ ಗಾದಿ ಮೇಲೆ ಕೂತು ಫೋನಿನಲ್ಲಿ ತೆಗೆದು ನೋಡಿದರು. ದೊಡ್ಡ ಕೆಂಪು 'ದ್', ಪಕ್ಕದಲ್ಲಿ ಸಣ್ಣಗೆ ಕಪ್ಪು 'ರಾಕ್ಷಿ'. "ಏನ್ ತಮ್ಮಾ, ನಾ ದ್ರಾಕ್ಷಿ ಮಾರಾಂವ, ನೀ ರಾಕ್ಷಸಿ ತಂದು ಕುಂದರ್ಸೀಯಲ್ಲ!"

'ದ್ರಾ'ವನ್ನು ಕೈಯಿಂದಲೇ ಒಂದು ಸ್ಪ್ಯಾನ್ ಟ್ಯಾಗ್‌ನಲ್ಲಿ (ಪುಟದ ಒಂದು ತುಂಡನ್ನು ಬೇರೆ ಮಾಡಿ ತೋರಿಸುವ ಗುರುತು) ಸುತ್ತಿ ದೊಡ್ಡದು ಮಾಡಿದೆ. ಹತ್ತು ನಿಮಿಷದ ಕೆಲಸ. ಚಹಾ ಬಂತು, ದುಡ್ಡೂ ಬಂತು. ಇಷ್ಟು ವರ್ಷ ನಾನು ಮಾಡಿದ್ದು ಇದೇ. ಕನ್ನಡ ಎಲ್ಲಿ ಹರಿಯಿತೋ ಅಲ್ಲಿ ತೇಪೆ ಹಾಕೋದು, ತೀರಾ ಆಗದಿದ್ದರೆ ಅಕ್ಷರವನ್ನೇ ಚಿತ್ರ ಮಾಡಿ ಅಂಟಿಸೋದು. ಗಿರಾಕಿಗೆ ಖುಷಿ. ಆದರೆ ಬ್ರೌಸರ್ ಎಂಜಿನ್ (ಕೋಡ್ ಓದಿ ಪುಟವನ್ನು ತೆರೆ ಮೇಲೆ ಮೂಡಿಸುವ ಭಾಗ) ಬರೆಯೋರಿಗೆ ಇಲ್ಲಿ ಏನೋ ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ? ನಾವೇ ಮುಚ್ಚಿಟ್ಟಿದ್ದೀವಿ.

ಈ ಸಲ ಸ್ವಲ್ಪ ಕೆದಕಿದೆ. ಒತ್ತಕ್ಷರ ಜೋಡಿಸುವ ಕೆಲಸದಲ್ಲಿ ತಪ್ಪಿಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದಕ್ಕೆ ಹಾರ್ಫ್‌ಬಝ್ ಅನ್ನೋ ಸಿದ್ಧ ಕೋಡಿನ ಗಂಟು (ಲೈಬ್ರರಿ) ಬಳಸುತ್ತವೆ. (ಹೆಸರು ಪರ್ಷಿಯನ್ನಿನದು, ಹರ್ಫ್ ಅಂದರೆ ಅಕ್ಷರ. ಆದಿಲ್‌ಶಾಹಿ ಊರಿನವರಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ.) ತಪ್ಪಿರೋದು ಒಂದು ಅಕ್ಷರ ಎಲ್ಲಿಗೆ ಮುಗಿಯಿತು ಅನ್ನೋ ಲೆಕ್ಕದಲ್ಲಿ. ನಮ್ಮ ಕಣ್ಣಿಗೆ 'ದ್ರಾ' ಒಂದೇ ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ದ, ಹಲಂತ (್ ಚಿಹ್ನೆ), ರ, ಆ ಮಾತ್ರೆ, ಒಟ್ಟು 4 ತುಂಡು. ಹಲಂತ ಬಂದ ಕೂಡಲೇ ಅಕ್ಷರ ಮುಗಿಯಿತು ಅಂತ ಎಂಜಿನ್ ಕತ್ತರಿ ಹಾಕುತ್ತದೆ. 'ಸ್ತ್ರೀ' ಆದರೆ ಮೂರು ಹೋಳು.

2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಹೀಗೆ ಕತ್ತರಿಸಬೇಡಿ ಅನ್ನೋ ಹೊಸ ನಿಯಮ ಸೇರಿಸಿದರು. ಯಾರಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ! ಪಕ್ಕದ ಮನೆ ತೆಲುಗು ಇದೆ, ಲಿಪಿ ನೋಡಿದರೆ ಅಕ್ಕತಂಗಿ, ನಾವು ಮಾತ್ರ ಹೊರಗೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹಾಗಂತ ಎಂಜಿನ್‌ನವರ ಕೈ ಕಟ್ಟಿಲ್ಲ. ಭಾಷೆಗೆ ಬೇಕಾದ ಹಾಗೆ ಈ ಲೆಕ್ಕ ಹೊಂದಿಸಿಕೊಳ್ಳಲು ಸಿಎಸ್‌ಎಸ್ ನಿಯಮದಲ್ಲೇ ಜಾಗ ಇದೆ. ಯಾರಾದರೂ ಕೇಳಬೇಕು ಅಷ್ಟೇ.

ಕೇಳೋದು ಈಗ ಸುಲಭ ಕೂಡ, ಯಾಕಂದರೆ ಎಂಜಿನ್‌ಗಳೇ ಉಳಿದಿಲ್ಲ. 2013ರಲ್ಲಿ ಒಪೇರಾ ತನ್ನ ಪ್ರೆಸ್ಟೋ ಎಂಜಿನ್ ಬಿಟ್ಟಿತು. 2018ರಲ್ಲಿ ಮೈಕ್ರೋಸಾಫ್ಟ್ ಕೂಡ ಕ್ರೋಮ್‌ಗೆ ಬುನಾದಿಯಾದ ಕ್ರೋಮಿಯಂ ದಾರಿ ಹಿಡಿಯುತ್ತೇವೆ ಅಂತ ಹೇಳಿತು. ಈಗ ದೊಡ್ಡದಾಗಿ ಇರೋದು ಬ್ಲಿಂಕ್ (ಕ್ರೋಮ್‌ನದು), ವೆಬ್‌ಕಿಟ್ (ಐಫೋನಿನ ಸಫಾರಿಯದು), ಗೆಕ್ಕೋ (ಫೈರ್‌ಫಾಕ್ಸ್‌ನದು). ಅದರಲ್ಲೂ ಬ್ಲಿಂಕ್ 2013ರಲ್ಲಿ ವೆಬ್‌ಕಿಟ್‌ನಿಂದಲೇ ಹೊಲ ಭಾಗ ಮಾಡಿಕೊಂಡು ಹೋದದ್ದು. ಮೂರೇ ಎಂಜಿನ್ ಇರೋದು ಒಳ್ಳೇದು ಅಂತ ನಾನು ಹೇಳಲ್ಲ. ಸರ್ವೋ, ಲೇಡಿಬರ್ಡ್‌ನಂಥ ಬೇರೆ ಎಂಜಿನ್‌ಗಳೂ ಬೆಳೆಯಲಿ ಅನ್ನೋದೇ ನನ್ನ ಆಸೆ. ಆದರೆ ಒಂದು ಕಡೆ ಕನ್ನಡ ಸರಿಯಾದರೆ ಕೋಟ್ಯಂತರ ಫೋನುಗಳಲ್ಲಿ ಸರಿಯಾಗುತ್ತದಲ್ವಾ?

ಕೋಡ್ ಬರೆಯಲೇಬೇಕು ಅಂತೇನಿಲ್ಲ. ತಪ್ಪು ತಿಳಿಸೋ ಬಗ್ ವರದಿಗೆ ನಾನು ಮಾಡಿದ್ದು ಆರು ಸಾಲಿನ ಒಂದು ಪುಟ, ಅದರಲ್ಲಿ 'ದ್ರಾಕ್ಷಿ' ಅನ್ನೋ ಒಂದೇ ಪದ. ಕೆಳಗೆ ಎರಡು ಚಿತ್ರ: ಈಗ ಹೀಗಿದೆ, ಇರಬೇಕಾದದ್ದು ಹೀಗೆ. ಕನ್ನಡ ಬಾರದ ಎಂಜಿನಿಯರ್‌ಗೂ ನೋಡಿದ ತಕ್ಷಣ ತಿಳಿಯಬೇಕು, "ನಿಮ್ಮ ಕನ್ನಡ ಸರಿಯಿಲ್ಲ" ಅಂತ ಸುಮ್ನೆ ಬೈದರೆ ಅವರಾದರೂ ಏನು ಮಾಡ್ತಾರೆ. ಇನ್ನೂ ಒಳ್ಳೇದು ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್. ಎಲ್ಲ ಎಂಜಿನ್‌ನವರೂ ಓಡಿಸುವ ಪರೀಕ್ಷೆಗಳ ಗಂಟು ಅದು, ಯಾರು ಬೇಕಾದರೂ ಪರೀಕ್ಷೆ ಬರೆದು ಕಳಿಸಬಹುದು. ಅಲ್ಲಿ ಒಂದು ಕನ್ನಡ ಪರೀಕ್ಷೆ ಸೇರಿದರೆ ನಾಳೆ ಬರೋ ಹೊಸ ಎಂಜಿನ್ ಕೂಡ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ನನ್ನ ಬಗ್ ವರದಿಗೆ ಇನ್ನೂ ಉತ್ತರ ಬಂದಿಲ್ಲ. ಕಾಕಾನ ಪುಟದಲ್ಲಿ ಆ ಸ್ಪ್ಯಾನ್ ಹಾಗೇ ಇದೆ.

ನಿಮ್ಮ ಫೋನಿನಲ್ಲೂ ಹೀಗೆ ಹರಿದ ಪದ ಕಂಡರೆ ಸ್ಕ್ರೀನ್‌ಶಾಟ್ ಕಳಿಸಿ. ಬ್ರೌಸರ್ ಹೆಸರು, ಆವೃತ್ತಿ ಸಂಖ್ಯೆ ಎರಡೂ ಬರೀರಿ. ಐಫೋನ್ ಇರೋರು ಜಾಸ್ತಿ ಕಳಿಸಿ, ನನ್ನ ಹತ್ರ ಅದಿಲ್ಲ.