ಮೂಲ ಕೃತಿ: ಹನ್ನೊಂದೂವರೆ ಅಂಗುಲದ ಗೊಂಬೆ

2024ರ ಜನವರಿಯಲ್ಲಿ ಆಸ್ಕರ್ ಪ್ರಶಸ್ತಿ ಕೊಡುವ ಅಮೆರಿಕದ ಅಕಾಡೆಮಿ ಸಾಹಿತ್ಯ ಮೀಮಾಂಸೆಗೆ ತನ್ನ ಕೈಲಾದ ಕಾಣಿಕೆ ಸಲ್ಲಿಸಿತು. ಗ್ರೆಟಾ ಗರ್ವಿಗ್ ಮತ್ತು ನೋವಾ ಬಾಮ್‌ಬ್ಯಾಕ್ ಬರೆದ ‘ಬಾರ್ಬಿ’ ಚಿತ್ರಕಥೆ ಸ್ವತಂತ್ರ ಕೃತಿಯಲ್ಲ, ರೂಪಾಂತರ ಎಂದು ಅದು ತೀರ್ಮಾನಿಸಿತು. ಚಿತ್ರ ನಿರ್ಮಿಸಿದವರು ಸ್ವತಂತ್ರವೆಂದೇ ಹೇಳಿಕೊಂಡಿದ್ದರು, ಅಲ್ಲಿನ ಬರಹಗಾರರ ಸಂಘವೂ ಅದನ್ನು ಸ್ವತಂತ್ರ ವಿಭಾಗಕ್ಕೇ ಸೇರಿಸಿತ್ತು. ಅಕಾಡೆಮಿ ಜಗ್ಗಲಿಲ್ಲ. ಆ ವರ್ಷ ರೂಪಾಂತರ ವಿಭಾಗದಲ್ಲಿದ್ದ ಉಳಿದ ನಾಲ್ಕು ಚಿತ್ರಗಳ ಬೆನ್ನಿಗೆ ಮೂರು ಕಾದಂಬರಿಗಳೂ ಒಂದು ದಪ್ಪ ಜೀವನಚರಿತ್ರೆಯೂ ಇದ್ದವು. ಐದನೆಯದರ ಬೆನ್ನಿಗಿದ್ದದ್ದು ಹನ್ನೊಂದೂವರೆ ಅಂಗುಲದ ಪ್ಲಾಸ್ಟಿಕ್ ಗೊಂಬೆ.

ರೂಪಾಂತರ ಎಂದಮೇಲೆ ಮೂಲಕ್ಕೆ ನಿಷ್ಠವಾಗಿದೆಯೇ ಎಂದು ನೋಡುವುದು ವಿಮರ್ಶಕನ ಧರ್ಮ. ಮೂಲವನ್ನು ಓದಬೇಕೆಂದರೆ ಪೆಟ್ಟಿಗೆಯನ್ನು ತಿರುಗಿಸಿ ಹಿಂಬದಿ ನೋಡಬೇಕು. ಅಲ್ಲಿ ಸಿಗುವುದು ಸಣ್ಣ ಬಿಡಿಭಾಗಗಳಿವೆ, ಮೂರು ವರ್ಷದೊಳಗಿನ ಮಕ್ಕಳು ನುಂಗಿಯಾರು ಎಂಬ ಎಚ್ಚರಿಕೆ. ಕಾವ್ಯಮೀಮಾಂಸಕ ಆನಂದವರ್ಧನನಾದರೆ ಇದರಲ್ಲೂ ಧ್ವನಿ, ಅಂದರೆ ಒಳಾರ್ಥ, ಹುಡುಕುತ್ತಿದ್ದನೇನೋ, ಉಳಿದವರಿಗೆ ಕಷ್ಟ.

ಆಟ ಮತ್ತು ಆಟಿಕೆಗಳಿಂದ ಹುಟ್ಟಿದ ಸಿನಿಮಾಗಳು ಅರ್ಥಪೂರ್ಣ ಕಥೆ ಹೇಳಬಲ್ಲವೇ ಎಂಬ ಚರ್ಚೆ ಇಂದು ಬಹಳ ಗಂಭೀರವಾಗಿ ನಡೆಯುತ್ತಿದೆ. ಆಟದಿಂದ ಕಥೆ ಹುಟ್ಟುವುದು ನಮಗೇನೂ ಹೊಸದಲ್ಲ. ಒಂದು ಪಗಡೆಯಾಟದಲ್ಲಿ ರಾಜ್ಯ ಹೋಯಿತು, ತಮ್ಮಂದಿರು ಹೋದರು, ಹೆಂಡತಿಯ ಮಾನವೂ ಪಣಕ್ಕೆ ಬಿತ್ತು, ಹದಿನೆಂಟು ಅಕ್ಷೋಹಿಣಿ ಸೈನ್ಯ ಮಣ್ಣುಪಾಲಾಯಿತು. ಆದರೆ ಕವಿ ಹೇಳಿದ್ದು ಆಡಲು ಕುಳಿತವರ ಕಥೆಯನ್ನು. ದಾಳದ ಹಕ್ಕುಸ್ವಾಮ್ಯ ಶಕುನಿಯ ಬಳಿ ಇದ್ದು, ಗಾಂಧಾರದಲ್ಲೊಂದು ಸ್ಟುಡಿಯೊ ಇದ್ದಿದ್ದರೆ ದಾಳಕ್ಕೆ ಒಂದು ದುಃಖಕರ ಬಾಲ್ಯ, ಕಳೆದುಹೋದ ಅವಳಿ ದಾಳ, ಕೊನೆಯಲ್ಲಿ ಮುಂದಿನ ಭಾಗದ ಸುಳಿವು ಎಲ್ಲವೂ ನಮಗೆ ಸಿಗುತ್ತಿತ್ತು. ಕುರುಕ್ಷೇತ್ರಕ್ಕೆ ಬಜೆಟ್ ಉಳಿಯುತ್ತಿರಲಿಲ್ಲ, ಅಷ್ಟೆ.

ಆಟಿಕೆ ಕಂಪನಿಗಳಿಗೆ ಕಥೆಯ ಮೇಲೆ ಪ್ರೀತಿ ಹುಟ್ಟಿದ್ದು ಯಾವಾಗ ಎಂದು ಇತಿಹಾಸ ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದ ಅಧ್ಯಕ್ಷ ರೇಗನ್ ಆಡಳಿತದಲ್ಲಿ ಮಕ್ಕಳ ಟಿವಿ ಕಾರ್ಯಕ್ರಮಗಳ ಮೇಲಿನ ಹಿಡಿತ ಸಡಿಲವಾಯಿತು. ಮಕ್ಕಳ ಕಾರ್ಯಕ್ರಮಗಳ ನಡುವೆ ಎಷ್ಟು ಹೊತ್ತು ಜಾಹೀರಾತು ತೋರಿಸಬಹುದು ಎಂಬ ಮಿತಿಯೇ 1984ರಲ್ಲಿ ಹೋಯಿತು. ಅದಕ್ಕೆ ತುಸು ಮೊದಲೇ, 1983ರಲ್ಲಿ, ಬಾರ್ಬಿಯನ್ನೂ ಮಾಡುವ ಮ್ಯಾಟೆಲ್ ಕಂಪನಿಯ ಹೀ-ಮ್ಯಾನ್ ಗೊಂಬೆ ಕತ್ತಿ ಹಿರಿದು ತೆರೆಗೆ ಬಂದಿತ್ತು. ದೂರದರ್ಶನದಲ್ಲಿ ಅವನನ್ನು ಕಂಡ ನಮ್ಮ ತಲೆಮಾರಿಗೆ ನೆನಪಿರಬಹುದು, ಪ್ರತಿ ಕಂತಿನ ಕೊನೆಗೂ ಒಂದು ನೀತಿಪಾಠ ಇರುತ್ತಿತ್ತು. ಸುಳ್ಳು ಹೇಳಬೇಡಿ, ಹಿರಿಯರ ಮಾತು ಕೇಳಿ, ಇತ್ಯಾದಿ. ಇಪ್ಪತ್ತು ನಿಮಿಷ ಸರಕಿನ ಪ್ರದರ್ಶನ, ಅರ್ಧ ನಿಮಿಷ ಸಂಸ್ಕಾರ. ಇದು ಅರ್ಧ ಗಂಟೆಯ ಜಾಹೀರಾತು ಎಂದು ಅಲ್ಲಿನ ಪೋಷಕರು ಗೊಣಗಿದರೆ ತೋರಿಸಲು ಒಂದು ಪುರಾವೆ ಬೇಕಿತ್ತು. ಆಟಿಕೆಯ ಕಥೆಯೊಳಗೆ ಅರ್ಥ ಎನ್ನುವುದು ಬಂದದ್ದು ಹಾಗೆ: ಮುಂದಿನ ವೃತ್ತದಲ್ಲಿ ಪೊಲೀಸ್ ಕಂಡಾಗ ಪೆಟ್ರೋಲ್ ಟ್ಯಾಂಕಿನ ಮೇಲಿಂದ ತಲೆಗೇರುವ ಹೆಲ್ಮೆಟ್ಟಿನಂತೆ.

ಅಷ್ಟಕ್ಕೇ ನಿಂತಿದ್ದರೆ ಸರಿ. 1986ರಲ್ಲಿ ಹ್ಯಾಸ್ಬ್ರೊ ಕಂಪನಿಯ ‘ಟ್ರಾನ್ಸ್‌ಫಾರ್ಮರ್ಸ್’ ಆನಿಮೇಷನ್ ಚಿತ್ರ ಬಂತು. ಲಾರಿಯಾಗಿಯೂ ಯೋಧನಾಗಿಯೂ ಬದಲಾಗುವ ಆಪ್ಟಿಮಸ್ ಪ್ರೈಮ್ ಎಂಬ ನಾಯಕ ಚಿತ್ರ ಶುರುವಾಗಿ ಅರ್ಧ ಗಂಟೆಯಾಗುವಷ್ಟರಲ್ಲಿ ಪ್ರಾಣಬಿಟ್ಟ. ಚಿತ್ರಮಂದಿರಗಳಲ್ಲಿ ಮಕ್ಕಳು ಗೊಳೋ ಎಂದು ಅತ್ತರು. ಸಾವು, ತ್ಯಾಗ, ನಾಯಕತ್ವದ ಹಸ್ತಾಂತರ, ಇದಕ್ಕಿಂತ ಅರ್ಥಪೂರ್ಣ ಕಥೆ ಬೇಕೆ? ಆದರೆ ಅವನನ್ನು ಕೊಂದದ್ದು ಶತ್ರು ಮೆಗಾಟ್ರಾನ್ ಅಲ್ಲ, ಕಂಪನಿಯ ಸರಕುಪಟ್ಟಿ. ಹಳೆಯ ಗೊಂಬೆಗಳ ಮಾರಾಟದ ಕಾಲ ಮುಗಿದಿತ್ತು, ಹೊಸ ಗೊಂಬೆಗಳು ಗೋದಾಮಿನಲ್ಲಿ ಸರದಿ ನಿಂತಿದ್ದವು. ಆದ್ದರಿಂದ ಹಳಬರು ಸಾಲಾಗಿ ವೀರಸ್ವರ್ಗ ಸೇರಿದರು. ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ಸಿನಿಮಾ ಕಲೆಯ ದಿಕ್ಕನ್ನೇ ಬದಲಿಸಿದ ಆರ್ಸನ್ ವೆಲ್ಸ್ ಬದುಕಿನ ಕೊನೆಯ ದಿನಗಳಲ್ಲಿ ಕಂಠದಾನ ಮಾಡಿದ್ದು ಇದೇ ಚಿತ್ರದ ಗ್ರಹ ನುಂಗುವ ಗೊಂಬೆಗೆ. ಕಲೆಯೂ ವ್ಯಾಪಾರವೂ ಎಲ್ಲಿ ಸಂಧಿಸುತ್ತವೆ ಎಂದು ಕೇಳುವವರಿಗೆ ವಿಳಾಸ ಇದು.

ಮಕ್ಕಳ ಕಣ್ಣೀರಿಗೆ ಬೆಲೆಯೇ ಇಲ್ಲವೇ ಎಂದರೆ, ಇದೆ. ಅದೇ ಕಂಪನಿಯ ಜಿ.ಐ. ಜೋ ಸೈನಿಕ ಗೊಂಬೆಗಳ ಚಿತ್ರ 1987ರಲ್ಲಿ ಬರುವುದಿತ್ತು. ಅದರಲ್ಲಿ ಡ್ಯೂಕ್ ಎಂಬ ನಾಯಕ ಎದೆಗೆ ಆಯುಧ ನಾಟಿ ಸಾಯಬೇಕಿತ್ತು. ಹಿಂದಿನ ವರ್ಷದ ಗೋಳಾಟ ಕೇಳಿ ಗಾಬರಿಗೊಂಡವರು ಚಿತ್ರವನ್ನು ಹಾಗೆಯೇ ಬಿಟ್ಟು ಮಾತನ್ನಷ್ಟೇ ಬದಲಿಸಿದರು. ಅವನು ಸತ್ತಿಲ್ಲ, ಕೋಮಾಕ್ಕೆ ಹೋಗಿದ್ದಾನೆ ಎಂದು ಒಬ್ಬರು ಹೇಳುತ್ತಾರೆ. ಕೊನೆಯಲ್ಲಿ ಅವನು ಚೇತರಿಸಿಕೊಂಡ ಸುದ್ದಿಯೂ ಬರುತ್ತದೆ. ಜನನ ಮರಣಗಳ ರಹಸ್ಯ ಡಬ್ಬಿಂಗ್ ಕೋಣೆಯಲ್ಲಿ ಇಷ್ಟು ಸುಲಭವಾಗಿ ಬಿಡಿಸಿಕೊಂಡದ್ದು ಉಪನಿಷತ್ತಿನ ಕಾಲದಲ್ಲೂ ನಡೆದಿರಲಿಲ್ಲ.

ನಡುವಿನ ದಶಕಗಳ ವಿಷಯ ಹೆಚ್ಚು ಹೇಳುವಂತಿಲ್ಲ. 1993ರ ‘ಸೂಪರ್ ಮಾರಿಯೊ’ ಚಿತ್ರದ ನಾಯಕ ಬಾಬ್ ಹಾಸ್ಕಿನ್ಸ್ ತಾನು ಮಾಡಿದ ಅತಿ ಕೆಟ್ಟ ಕೆಲಸ ಅದೇ ಎಂದು ಮುಂದೆ ಹೇಳಿಕೊಂಡರು. ವಿಡಿಯೊ ಗೇಮುಗಳನ್ನು ಒಂದರ ಹಿಂದೊಂದು ಸಿನಿಮಾ ಮಾಡಿ ಬೈಸಿಕೊಂಡ ಜರ್ಮನ್ ನಿರ್ದೇಶಕ ಊವೆ ಬೋಲ್ 2006ರಲ್ಲಿ ತನ್ನ ಟೀಕಾಕಾರರನ್ನು ಬಾಕ್ಸಿಂಗ್ ಕಣಕ್ಕೆ ಕರೆದು ಒಬ್ಬೊಬ್ಬರನ್ನಾಗಿ ಸೋಲಿಸಿದ. ವಿಮರ್ಶೆಗೆ ಸಿಕ್ಕ ಇಷ್ಟು ನೇರ ಪ್ರತಿಕ್ರಿಯೆ ಬೇರೊಂದಿಲ್ಲ. 2012ರಲ್ಲಿ ಕಾಗದದ ಚೌಕಗಳಲ್ಲಿ ಹಡಗು ಹುಡುಕುವ ‘ಬ್ಯಾಟಲ್‌ಶಿಪ್’ ಆಟವನ್ನು 20 ಕೋಟಿ ಡಾಲರಿಗೂ ಹೆಚ್ಚು ಸುರಿದು ಸಿನಿಮಾ ಮಾಡಿದರು. ಆಟದಲ್ಲಿ ಕಥೆ ಇರಲಿಲ್ಲವಾದ್ದರಿಂದ ಅನ್ಯಗ್ರಹ ಜೀವಿಗಳನ್ನು ಕರೆಸಿದರು. ಪಾಪ, ಅವರು ಬಂದದ್ದೂ ವ್ಯರ್ಥವಾಯಿತು.

ಹೀಗಿರುವಾಗ 2023ರ ಜುಲೈನಲ್ಲಿ ಬಾರ್ಬಿ ಬಂದಳು. ಅಷ್ಟು ಹೊತ್ತಿಗೆ ಲೋಕವೇ ಗುಲಾಬಿಮಯವಾಗಿತ್ತು. ಚಿತ್ರ ಬರುವ ಮೊದಲೇ ವಿಯೆಟ್ನಾಂ ಸರ್ಕಾರ ಅದನ್ನು ನಿಷೇಧಿಸಿತು. ಕಾರಣ, ಚಿತ್ರದ ಒಂದು ದೃಶ್ಯದಲ್ಲಿ ಮಗು ಬಣ್ಣದ ಕಡ್ಡಿಯಲ್ಲಿ ಗೀಚಿದಂತಹ ಜಗತ್ತಿನ ನಕ್ಷೆ ಇತ್ತು. ಅದರಲ್ಲಿದ್ದ ಚುಕ್ಕಿ ಚುಕ್ಕಿ ಗೆರೆ ದಕ್ಷಿಣ ಚೀನಾ ಸಮುದ್ರದ ಮೇಲೆ ಚೀನಾ ಹೂಡುವ ಹಕ್ಕಿನ ಗೆರೆಯಂತೆ ಅವರಿಗೆ ಕಂಡಿತು. ಬರಿ ಗೀಚು, ಅದಕ್ಕೆ ಅರ್ಥವಿಲ್ಲ ಎಂದು ಸ್ಟುಡಿಯೊ ಅಂಗಲಾಚಿತು. ಗೊಂಬೆ ಚಿತ್ರದಲ್ಲಿ ಅರ್ಥವಿಲ್ಲ ಎಂದು ಅದನ್ನು ಮಾಡಿದವರೇ ಸಾರಿದರೂ ಒಂದು ಸಾರ್ವಭೌಮ ದೇಶ ಒಪ್ಪಲಿಲ್ಲ ಎನ್ನುವುದನ್ನು ನಾವು ಗೌರವದಿಂದ ನೆನೆಯಬೇಕು. ಅಷ್ಟು ಎಚ್ಚರದಿಂದ ಚಿತ್ರ ನೋಡಿದ ವಿಮರ್ಶಕರನ್ನು ನಾನು ಕಂಡಿಲ್ಲ.

ಕುಹಕ ಬದಿಗಿಟ್ಟು ಹೇಳುವುದಾದರೆ ಚಿತ್ರ ಚೆನ್ನಾಗಿತ್ತು. ನಿರ್ದೇಶಕಿ ಗರ್ವಿಗ್ ಅರ್ಥದ ಹೆಲ್ಮೆಟ್ಟನ್ನು ನಿಜವಾಗಿಯೇ ಧರಿಸಿ ಗಾಡಿ ಓಡಿಸಿದರು. ಮ್ಯಾಟೆಲ್ ಕಂಪನಿಯ ಆಡಳಿತ ಮಂಡಳಿಯನ್ನು ಸೂಟು ತೊಟ್ಟ ಗಂಡಸರ ಪೆದ್ದು ಗುಂಪಿನಂತೆ ತೋರಿಸಿದರು. ಬಾರ್ಬಿಯನ್ನು 1959ರಲ್ಲಿ ಲೋಕಕ್ಕೆ ತಂದ ರುತ್ ಹ್ಯಾಂಡ್ಲರ್ ಮುಂದೆ ಹಣಕಾಸಿನ ಮೋಸದ ಮೊಕದ್ದಮೆ ಎದುರಿಸಿದ್ದರ ಕಡೆಗೂ ಚಿತ್ರದಲ್ಲಿ ಒಂದು ಚುಚ್ಚು ಇದೆ. ಎಂಥ ಧೈರ್ಯ ಎಂದು ಎಲ್ಲರೂ ಕೊಂಡಾಡಿದರು. ಕೊಂಡಾಡಲಿ. ಆದರೆ ಗಮನಿಸಿ, ಬೈಸಿಕೊಂಡ ಕಂಪನಿಯೇ ಬೈಗುಳಕ್ಕೆ ಪರವಾನಗಿ ಕೊಟ್ಟಿತ್ತು, ಬೈಗುಳದ ಲಾಭದಲ್ಲಿ ಪಾಲನ್ನೂ ಪಡೆಯಿತು. ಚಿತ್ರ 144 ಕೋಟಿ ಡಾಲರ್ ಗಳಿಸಿತು. ಈ ವಿದ್ಯೆಯನ್ನು ಮೊದಲು ಕಲಿತದ್ದು ಲೆಗೊ ಕಂಪನಿ: 2014ರ ಅದರ ಚಿತ್ರದಲ್ಲಿ ಲಾರ್ಡ್ ಬಿಸಿನೆಸ್ ಎಂಬ ವ್ಯಾಪಾರಿಯೇ ಖಳನಾಯಕ, ಅಂಗಡಿಯಲ್ಲಿ ಆ ಖಳನಾಯಕನ ಗೊಂಬೆಯೂ ಲಭ್ಯ.

ಬಾರ್ಬಿ ಚಿತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ವಿಚಿತ್ರ ಬಾರ್ಬಿ ಎಂಬ ಪಾತ್ರ. ಯಾವುದೋ ಮಗು ಮನಸೋಇಚ್ಛೆ ಆಡಿ, ಕೂದಲು ಕತ್ತರಿಸಿ, ಮುಖದ ಮೇಲೆ ಪೆನ್ನಿನಿಂದ ಗೀಚಿ, ಕಾಲುಗಳನ್ನು ಎರಡು ದಿಕ್ಕಿಗೆ ಎಳೆದು ಬಿಟ್ಟಿರುವ ಗೊಂಬೆ ಅದು. ಇಡೀ ಚಿತ್ರದಲ್ಲಿ ನಿಜವಾಗಿ ಆಟವಾಡಿದ ಗುರುತಿರುವುದು ಅವಳೊಬ್ಬಳ ಮೈಮೇಲೆ. ಕಾರ್ಖಾನೆ ಕೊಡದ ಬದುಕನ್ನು ಮಗು ಕೊಟ್ಟಿದೆ. ಕಂಪನಿಯ ಯಾವ ಪಟ್ಟಿಯಲ್ಲೂ ಅವಳಿಗೆ ಬೆಲೆ ಕಟ್ಟಲಾಗದು ಎಂದುಕೊಂಡಿದ್ದೆ. ಚಿತ್ರ ಬಿಡುಗಡೆಯಾದ ಮರುತಿಂಗಳೇ ಬೆಲೆ ಗೊತ್ತಾಯಿತು: 50 ಡಾಲರ್. ಮ್ಯಾಟೆಲ್ ವಿಚಿತ್ರ ಬಾರ್ಬಿಯನ್ನೂ ಮಾರಾಟಕ್ಕಿಟ್ಟಿತು. ಕೂದಲು ಮೊದಲೇ ಕತ್ತರಿಸಿದ, ಮುಖ ಮೊದಲೇ ಗೀಚಿದ ಗೊಂಬೆ. ನಿಮ್ಮ ಮಗು ಹಾಳುಮಾಡುವ ಶ್ರಮವನ್ನೂ ಕಂಪನಿಯೇ ವಹಿಸಿಕೊಂಡಿದೆ. ಇನ್ನು ಮಗುವಿಗೆ ಉಳಿದ ಕೆಲಸ ಅದನ್ನು ಕೊಡಿಸೆಂದು ಹಟ ಹಿಡಿಯುವುದೊಂದೇ.

ಒಂದು ಗೊಂಬೆ ಚಿತ್ರ ಗೆದ್ದಿತಲ್ಲ, ಅದರಿಂದ ಏನು ಪಾಠ ಕಲಿಯಬಹುದಿತ್ತು? ಪ್ರತಿಭೆಯುಳ್ಳ ನಿರ್ದೇಶಕಿಗೆ ಹಣ ಕೊಟ್ಟು ದೂರ ನಿಂತರೆ ಒಳ್ಳೆಯ ಸಿನಿಮಾ ಬರುತ್ತದೆ ಎಂದು ಯಾರಾದರೂ ಭಾವಿಸಬಹುದಿತ್ತು. ಆಟಿಕೆ ಉದ್ಯಮ ಕಲಿತದ್ದು ಗೊಂಬೆ ಗೆಲ್ಲಿಸುತ್ತದೆ ಎಂದು. ಮೊದಲೇ ಸರದಿ ನಿಂತಿದ್ದ ಯೋಜನೆಗಳ ಗೋದಾಮಿನ ಬೀಗ ತೆಗೆಯಲಾಯಿತು. ಹಾಟ್ ವೀಲ್ಸ್ ಕಾರುಗಳ ಚಿತ್ರ ಭಾವುಕವೂ ವಾಸ್ತವವೂ ಆಗಿರುತ್ತದಂತೆ. ಬಾರ್ನಿ ಎಂಬ ನೇರಳೆ ಬಣ್ಣದ ಡೈನೋಸಾರ್ ಮಕ್ಕಳನ್ನು ಬಿಟ್ಟು, ತನ್ನನ್ನು ನೋಡಿ ಬೆಳೆದ ವಯಸ್ಕರ ತಳಮಳದ ಕಡೆ ಹೊರಳುತ್ತಾನಂತೆ. ಉತ್ತರ ಹೇಳುವ ಪ್ಲಾಸ್ಟಿಕ್ ಚೆಂಡಿಗೊಂದು ಭಯಾನಕ ಚಿತ್ರವಂತೆ. ಊನೊ ಇಸ್ಪೀಟಿಗೂ ಯೋಗ ಕೂಡಿಬಂದಿತ್ತು. ಅಟ್ಲಾಂಟಾ ನಗರದ ಹಿಪ್‌ಹಾಪ್ ಲೋಕದಲ್ಲಿ ನಡೆಯುವ ದರೋಡೆಯ ಸಾಹಸ ಚಿತ್ರವೆಂದು 2021ರಲ್ಲೇ ಘೋಷಿಸಿದ್ದರು. ಕೆಂಪು ಎಲೆಯ ಮೇಲೆ ಕೆಂಪು, ಏಳರ ಮೇಲೆ ಏಳು ಹಾಕಬೇಕೆಂಬ ನಿಯಮದಲ್ಲಿ ದರೋಡೆ ಅಡಗಿತ್ತೆಂದು ಇಷ್ಟು ವರ್ಷ ಆಡಿದ ಯಾರಿಗೂ ಹೊಳೆದಿರಲಿಲ್ಲ.

ಪ್ರೇಕ್ಷಕರು ಮಾತ್ರ ಇವರೆಲ್ಲರಿಗಿಂತ ಪ್ರಾಮಾಣಿಕರು. 2025ರ ಏಪ್ರಿಲ್‌ನಲ್ಲಿ ‘ಮೈನ್‌ಕ್ರಾಫ್ಟ್’ ಎಂಬ ವಿಡಿಯೊ ಗೇಮಿನ ಚಿತ್ರ ಬಂದಾಗ ಕೋಳಿಯ ಮೇಲೆ ಸವಾರಿ ಮಾಡುವ ಪುಟ್ಟ ಪಿಶಾಚಿಯ ಹೆಸರು ಕೇಳಿದೊಡನೆ ಹುಡುಗರು ಎದ್ದು ಕೂಗಿ ಪಾಪ್‌ಕಾರ್ನ್ ಎರಚಿದರು. ಅಮೆರಿಕದ ಒಂದು ಪ್ರದರ್ಶನಕ್ಕೆ ಜೀವಂತ ಕೋಳಿಯೂ ಬಂತು. ಚಿತ್ರಮಂದಿರಗಳು ಎಚ್ಚರಿಕೆಯ ಫಲಕ ಹಾಕಿದವು. ಚಿತ್ರದ ಅರ್ಥವೇನೆಂದು ಆ ಹುಡುಗರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಪಾಪ್‌ಕಾರ್ನ್ ಕೇಳಿದವರ ಮೇಲೂ ಬೀಳುತ್ತಿತ್ತು. ಗಳಿಕೆ 90 ಕೋಟಿ ಡಾಲರ್ ದಾಟಿತು.

ಈಗ ಮೊನೊಪೊಲಿಯ ಸರದಿ. ನಮ್ಮ ಮನೆಗಳಲ್ಲಿ ಮುಂಬಯಿ, ಕಲ್ಕತ್ತಗಳನ್ನು ಮಾರಿ ಕೊಂಡು ಜಗಳವಾಡಿಸುತ್ತಿದ್ದ ‘ಬಿಸಿನೆಸ್’ ಆಟಕ್ಕೆ ಮಾದರಿಯಾದ ಆಟವೇ ಅದು. ಅದನ್ನು ಸಿನಿಮಾ ಮಾಡುವುದಾಗಿ 2024ರಲ್ಲಿ ಪ್ರಕಟವಾಯಿತು, ಬಾರ್ಬಿಯಾಗಿ ನಟಿಸಿದ ಮಾರ್ಗೊ ರಾಬಿಯವರ ಸಂಸ್ಥೆಯೇ ನಿರ್ಮಾಪಕರಲ್ಲೊಂದು. ಈ ಆಟಕ್ಕೆ ಕಥೆ ಹೊಸೆಯುವ ತೊಂದರೆಯೇ ಇಲ್ಲ. ಎಲಿಜಬೆತ್ ಮ್ಯಾಗಿ ಎಂಬಾಕೆ ಭೂಮಾಲೀಕರು ಬಾಡಿಗೆ ಹೀರಿ ಉಳಿದವರನ್ನು ದಿವಾಳಿ ಎಬ್ಬಿಸುವ ಬಗೆಯನ್ನು ಜನರಿಗೆ ತಿಳಿಸಲೆಂದೇ ಒಂದು ಆಟ ಕಟ್ಟಿ 1904ರಲ್ಲಿ ಪೇಟೆಂಟ್ ಪಡೆದರು. ಅದು ಕೈಯಿಂದ ಕೈಗೆ ಹರಿದು, ಚಾರ್ಲ್ಸ್ ಡ್ಯಾರೊ ಎಂಬಾತ ತನ್ನದೆಂದು ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿ ಶ್ರೀಮಂತನಾದ. ತೊಡಕಾಗದಿರಲೆಂದು 1935ರಲ್ಲಿ ಮ್ಯಾಗಿಯ ಪೇಟೆಂಟನ್ನೂ ಕಂಪನಿ ಕೊಂಡುಕೊಂಡಿತು, 500 ಡಾಲರಿಗೆ. ಏಕಸ್ವಾಮ್ಯದ ವಿರುದ್ಧ ಹುಟ್ಟಿದ ಆಟದ ಮೇಲೆ ಕಂಪನಿಯ ಏಕಸ್ವಾಮ್ಯ ಸ್ಥಾಪನೆಯಾಯಿತು. ಎಪ್ಪತ್ತರ ದಶಕದಲ್ಲಿ ರಾಲ್ಫ್ ಅನ್ಸ್‌ಪ್ಯಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ ‘ಆಂಟಿ ಮೊನೊಪೊಲಿ’ ಎಂಬ ಆಟ ಹೊರತಂದು ಮೊಕದ್ದಮೆಗೆ ಸಿಕ್ಕಿಕೊಂಡರು. ಮ್ಯಾಗಿಯ ಕಥೆಯನ್ನು ಅಗೆದು ತೆಗೆದವರು ಅವರೇ. ನ್ಯಾಯಾಲಯದ ಆದೇಶದಂತೆ ಅವರ ಹತ್ತಾರು ಸಾವಿರ ಆಟದ ಪೆಟ್ಟಿಗೆಗಳನ್ನು ಮಿನ್ನೆಸೋಟಾದಲ್ಲಿ ಕಸದ ಗುಂಡಿಗೆ ಹಾಕಿ ಹೂತರು. ಕೊನೆಗೆ ಗೆದ್ದದ್ದು ಪ್ರಾಧ್ಯಾಪಕರೇ.

ವಂಚಿತೆಯಾದ ನಾಯಕಿ, ಹಟಮಾರಿ ಪ್ರಾಧ್ಯಾಪಕ, ಕೋರ್ಟು, ಬುಲ್ಡೋಜರ್, ಎಲ್ಲ ಇದೆ. ಅನ್ಯಗ್ರಹ ಜೀವಿಗಳನ್ನು ಕರೆಸುವ ಖರ್ಚೂ ಇಲ್ಲ. ಆದರೂ ಹಕ್ಕುದಾರ ಹ್ಯಾಸ್ಬ್ರೊ ಇದನ್ನು ಕಥೆಯೆಂದು ಒಪ್ಪೀತೇ? 2019ರಲ್ಲಿ ಅದು ಮಹಿಳಾ ಆವಿಷ್ಕಾರಕರ ಗೌರವಾರ್ಥ ‘ಮಿಸ್ ಮೊನೊಪೊಲಿ’ ಎಂಬ ಆಟ ಬಿಡುಗಡೆ ಮಾಡಿತು. ಆಟ ಶುರುವಾಗುವ ಮನೆಯನ್ನು ಹಾದಾಗಲೆಲ್ಲ ಗಂಡಸರಿಗೆ 200, ಹೆಂಗಸರಿಗೆ 240 ಡಾಲರ್. ಅನೇಕ ಮಹಿಳೆಯರ ಆವಿಷ್ಕಾರಗಳಿಗೆ ಅಲ್ಲಿ ಮನೆ ಸಿಕ್ಕಿತು. ಆಟವನ್ನೇ ಆವಿಷ್ಕರಿಸಿದ ಮ್ಯಾಗಿಯ ಹೆಸರಿಗೆ ಸಿಗಲಿಲ್ಲ. ಸಿನಿಮಾದಲ್ಲಾದರೂ ಅವರು ಬಂದರೆ ಅಂಗಡಿಗೆ ಅವರದೊಂದು ಗೊಂಬೆಯೂ ಬರುವುದು ಖಚಿತ. ಬೆಲೆ 500 ಡಾಲರ್ ಇರಲಿ. ಅಷ್ಟಕ್ಕೆ ಒಮ್ಮೆ ವ್ಯವಹಾರ ಕುದುರಿದ ದಾಖಲೆ ಇದೆ.