ಅಷ್ಟು ಸಭ್ಯ ಮನುಷ್ಯ, ಅಂಥ ಸಲಹೆ

ವ್ಯಂಗ್ಯ ಅಂದರೆ ಉಲ್ಟಾ ಹೇಳುವುದು ಅನ್ನುವ ಪಾಠ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. 'ಆಹಾ, ಎಂಥಾ ಬುದ್ಧಿವಂತ!' ಅಂದರೆ 'ಶುದ್ಧ ದಡ್ಡ' ಅಂತ ತಿಳಿದುಕೊಳ್ಳಬೇಕು, ಅಷ್ಟೇ. ಒಂದು ಸಾಲಿನ ಕೊಂಕು ಮಾತಿಗೆ ಇದು ಸಾಕು. ಆದರೆ ಇಡೀ ಪ್ರಬಂಧವನ್ನು ಅಂಗಿ ಒಳಹೊರಗು ಮಾಡಿದ ಹಾಗೆ ತಿರುಗಿಸಿ ಓದಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ.

ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್ ಬರೆದ 'ಎ ಮಾಡೆಸ್ಟ್ ಪ್ರಪೋಸಲ್' (ಒಂದು ವಿನಮ್ರ ಸಲಹೆ) ಅನ್ನೇ ತೆಗೆದುಕೊಳ್ಳಿ. 1729ರಲ್ಲಿ ಡಬ್ಲಿನ್‌ನಲ್ಲಿ ಅಚ್ಚಾದ ಪುಟ್ಟ ಪುಸ್ತಿಕೆ. ಅದಕ್ಕೆ ಮುಂಚಿನ ಕೆಲವು ವರ್ಷ ಐರ್ಲೆಂಡಿನಲ್ಲಿ ಬೆಳೆ ಕೈಕೊಟ್ಟಿತ್ತು, ಬೀದಿ ತುಂಬ ಭಿಕ್ಷುಕರು. ಪುಸ್ತಿಕೆಯ ಸಲಹೆ ಇಷ್ಟು: ಬಡವರ ಮಕ್ಕಳಿಗೆ ಒಂದು ವರ್ಷ ತುಂಬಿದ ಕೂಡಲೇ ಶ್ರೀಮಂತರ ಊಟದ ಮೇಜಿಗೆ ಮಾರಿಬಿಡೋಣ. ಹೆತ್ತವರಿಗೆ ನಾಲ್ಕು ಕಾಸು, ದೇಶಕ್ಕೆ ಲಾಭ, ಬೀದಿಯೂ ಖಾಲಿ.

ಈಗ ಇದನ್ನು ಉಲ್ಟಾ ಮಾಡಿ. 'ಮಕ್ಕಳನ್ನು ತಿನ್ನಬಾರದು.' ಇದನ್ನು ಹೇಳೋಕೆ ಸ್ವಿಫ್ಟ್ ಬೇಕಿತ್ತಾ? ತಿನ್ನೋಣ ಅಂತ ಯಾರೂ ಹೊರಟಿರಲಿಲ್ಲವಲ್ಲ!

ನನ್ನ ಪ್ರಕಾರ ಇಂಥ ಬರಹ ಓದುವಾಗ 'ಏನು ಹೇಳುತ್ತಿದ್ದಾನೆ' ಅನ್ನುವುದಕ್ಕಿಂತ ಮೊದಲು 'ಯಾರು ಹೇಳುತ್ತಿದ್ದಾನೆ' ಅಂತ ಕೇಳಬೇಕು. ಇಲ್ಲಿ ಮಾತಾಡುತ್ತಿರುವವನು ಸ್ವಿಫ್ಟ್ ಅಲ್ಲ. ಸ್ವಿಫ್ಟ್ ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನ ಡೀನ್, ಅಂದರೆ ಮುಖ್ಯ ಪಾದ್ರಿ. ಪ್ರಬಂಧದಲ್ಲಿ ಮಾತಾಡುವವನೋ ಹೆಂಡತಿ ಮಕ್ಕಳಿರುವ ಗೃಹಸ್ಥ. ಕೊನೆಯಲ್ಲಿ ಅವನು 'ನನಗೆ ಇದರಿಂದ ಒಂದು ಪೆನ್ನಿಯೂ ಬರುವುದಿಲ್ಲ, ನನ್ನ ಕಿರಿಯ ಮಗುವಿಗೇ 9 ವರ್ಷ, ಹೆಂಡತಿಗೆ ಹೆರುವ ವಯಸ್ಸು ದಾಟಿದೆ' ಅಂತ ತನ್ನ ಪ್ರಾಮಾಣಿಕತೆಗೆ ಸಾಕ್ಷಿ ಕೊಡುತ್ತಾನೆ. ಪುಸ್ತಿಕೆಯ ಮೇಲೆ ಬರೆದವರ ಹೆಸರಿಲ್ಲ. ದೇಶದ ಸಮಸ್ಯೆಗೆ ಲೆಕ್ಕ ಹಾಕಿ ಪರಿಹಾರ ಸೂಚಿಸುವ ಇಂಥ ಪುಸ್ತಿಕೆಗಳು ಆ ಕಾಲದಲ್ಲಿ ಬೇಕಾದಷ್ಟು ಬರುತ್ತಿದ್ದವು. ಹಿಂದಿನ ಶತಮಾನದಲ್ಲಿ ವಿಲಿಯಂ ಪೆಟಿ ಎಂಬಾತ ಮನುಷ್ಯರಿಗೂ ಹಣದಲ್ಲಿ ಬೆಲೆ ಕಟ್ಟಿ ದೇಶದ ಸಂಪತ್ತಿನ ಲೆಕ್ಕ ಬರೆದಿದ್ದ. ಅದೂ ತಮಾಷೆಗಲ್ಲ. ಸ್ವಿಫ್ಟ್ ಹಾಕಿಕೊಂಡಿದ್ದು ಈ ಲೆಕ್ಕಿಗರ ವೇಷ.

ಈ ಲೆಕ್ಕಿಗ ತುಂಬಾ ಒಳ್ಳೆಯವನು, ಅದೇ ಮಜಾ. ಕೂಗಾಡುವುದಿಲ್ಲ, ಯಾರನ್ನೂ ಬಯ್ಯುವುದಿಲ್ಲ. ಮೂರು, ನಾಲ್ಕು, ಆರು ಮಕ್ಕಳನ್ನು ಕಟ್ಟಿಕೊಂಡು ಹರಕು ಬಟ್ಟೆಯಲ್ಲಿ ಭಿಕ್ಷೆ ಬೇಡುವ ತಾಯಂದಿರನ್ನು ಕಂಡು ಮರುಗುತ್ತಲೇ ಶುರು ಮಾಡುತ್ತಾನೆ. ಓದುವವರು 'ಪಾಪ, ಹೌದಲ್ವಾ' ಅಂತ ತಲೆಯಾಡಿಸುತ್ತೇವೆ. ಹಾಗೆ ತಲೆಯಾಡಿಸುವ ಹೊತ್ತಿಗೆ ಲೆಕ್ಕ ಶುರುವಾಗಿರುತ್ತದೆ. ಐರ್ಲೆಂಡಿನ ಜನಸಂಖ್ಯೆ 15 ಲಕ್ಷ. ಹೆರುವ ಹೆಂಡತಿ ಇರುವ ಜೋಡಿಗಳು 2 ಲಕ್ಷ. ಮಕ್ಕಳನ್ನು ಸಾಕುವ ಶಕ್ತಿ ಇರುವ 30,000 ಜೋಡಿಗಳನ್ನು ಕಳೆಯಿರಿ. ಗರ್ಭಸ್ರಾವಕ್ಕೆ, ವರ್ಷದೊಳಗೆ ಸಾಯುವ ಮಕ್ಕಳಿಗೆ ಅಂತ ಇನ್ನೊಂದು 50,000 ಬಿಡಿ. ಉಳಿದಿದ್ದು ವರ್ಷಕ್ಕೆ 1,20,000 ಬಡ ಮಕ್ಕಳು. ಇದರಲ್ಲಿ 20,000 ತಳಿಗೆ, ಅದರಲ್ಲಿ ಗಂಡು ಕಾಲು ಭಾಗ ಇದ್ದರೆ ಸಾಕು. ಕುರಿ, ದನ, ಹಂದಿಗಳಲ್ಲಿ ನಾವು ಅಷ್ಟೂ ಬಿಡುವುದಿಲ್ಲ ಅಂತ ಸೇರಿಸುತ್ತಾನೆ, ಬಲು ಉದಾರಿ! ಒಂದು ಮಗುವಿಗೆ 10 ಶಿಲ್ಲಿಂಗ್ (ಅರ್ಧ ಪೌಂಡ್) ಬೆಲೆ, ಸಾಕಿದ ಖರ್ಚು 2 ಶಿಲ್ಲಿಂಗ್, ತಾಯಿಗೆ ನಿವ್ವಳ 8.

ಕೂಡಿಸುವುದು, ಕಳೆಯುವುದು ಎಲ್ಲಾ ಸರಿಯಾಗೇ ಇದೆ. ಓದುವವರು ಅಂಕಿಗಳ ಹಿಂದೆ ಹೋಗುತ್ತಾ 'ಸರಿ, ಮುಂದೆ?' ಅಂದುಕೊಳ್ಳುತ್ತೇವೆ. ಆಗ ಗೊತ್ತಾಗುತ್ತದೆ, ಮಕ್ಕಳನ್ನು 'ಹೊರೆ' ಅಂತ ಕರೆದಾಗಲೇ ನಾವು ಅವನ ಜೊತೆ ಅರ್ಧ ದಾರಿ ಬಂದುಬಿಟ್ಟಿದ್ದೆವು ಅಂತ. ಮಾಂಸದ ಮಾತು ಬಂದಾಗ ಬೆಚ್ಚಿಬೀಳುವ ನಾವು ಲೆಕ್ಕದ ಮಾತಿಗೆ ಯಾಕೆ ಬೆಚ್ಚಲಿಲ್ಲ? ಪ್ರಬಂಧದ ಏಟು ಬೀಳುವುದು ಇಲ್ಲಿಗೆ.

ನನಗೆ ತುಂಬಾ ಇಷ್ಟವಾದ ಜಾಗ ಇನ್ನೊಂದಿದೆ. ಅವನ ಗೆಳೆಯನೊಬ್ಬ ಈ ಯೋಜನೆಗೆ ತಿದ್ದುಪಡಿ ಸೂಚಿಸಿದನಂತೆ. ಜಿಂಕೆಗಳು ಕಡಿಮೆಯಾಗಿವೆ, ಅವುಗಳ ಬದಲಿಗೆ 12ರಿಂದ 14 ವರ್ಷದ ಹುಡುಗ ಹುಡುಗಿಯರು ಆಗಬಹುದಲ್ಲ ಅಂತ. ನಮ್ಮವನು ಒಪ್ಪುವುದಿಲ್ಲ. ಕಾರಣ ಒಂದು, ಓಡಾಡಿದ ಗಂಡುಮಕ್ಕಳ ಮಾಂಸ ಗಡುಸು. ಕಾರಣ ಎರಡು, ಹುಡುಗಿಯರು ಇನ್ನೇನು ತಾವೇ ಹೆರುವವರು, ಕಡಿದರೆ ನಷ್ಟ. ಇದೆಲ್ಲ ಆದ ಮೇಲೆ, ಕೊನೆಗೆ, ಇದು ಸ್ವಲ್ಪ ಕ್ರೌರ್ಯದ ಹತ್ತಿರ ಬರುತ್ತದೆ ಅಂತ ಕೆಲವು ಸೂಕ್ಷ್ಮ ಮನಸ್ಸಿನವರು ಆಕ್ಷೇಪಿಸಿಯಾರು, ಅದು ಅನ್ಯಾಯದ ಆಕ್ಷೇಪವೇ ಆದರೂ, ಅನ್ನುತ್ತಾನೆ. ಆ 'ಸ್ವಲ್ಪ' ಮತ್ತು ಆ 'ಹತ್ತಿರ' ನೋಡಿ. ಇದನ್ನು ತಿರುಗಿಸಿ ಓದುವುದಾದರೆ ಏನಂತ ತಿರುಗಿಸುತ್ತೀರಿ? ಇಲ್ಲಿ ತಿರುಗಿಸಲು ಏನೂ ಇಲ್ಲ. ಕೇಳಿಸಿಕೊಳ್ಳಬೇಕು, ಅಷ್ಟೇ. ಕ್ರೌರ್ಯ ಅನ್ನುವುದು ಇವನ ಪಟ್ಟಿಯಲ್ಲಿ ಎಷ್ಟನೆಯ ಸಾಲಿನಲ್ಲಿದೆ ಅಂತ ಕಿವಿಗೆ ಬೀಳಬೇಕು.

ಕಳ್ಳತನದ ಭಾಗವೂ ಹಾಗೇ. ಮಕ್ಕಳು 6 ವರ್ಷ ಆಗುವ ತನಕ ಕದ್ದು ಹೊಟ್ಟೆ ಹೊರೆಯಲಾರರು, ಕ್ಯಾವನ್ ಸೀಮೆಯ ದೊಡ್ಡ ಮನುಷ್ಯರೊಬ್ಬರೇ ಹೇಳಿದ್ದಾರೆ ಅಂತ ಸಾಕ್ಷಿ ಸಮೇತ ವಿಷಾದಿಸುತ್ತಾನೆ. ಇಲ್ಲಿ ನಾನು ಪ್ರತಿ ಸಲವೂ ನಕ್ಕುಬಿಡುತ್ತೇನೆ.

ಆಮೇಲೆ ಒಂದು ಕಡೆ ನಗು ನಿಂತೇ ಹೋಗುತ್ತದೆ. ಮುದುಕರು, ರೋಗಿಗಳು, ಅಂಗವಿಕಲರ ಬಗ್ಗೆ ಏನು ಮಾಡುವುದು ಅಂತ ಕೆಲವರಿಗೆ ಚಿಂತೆಯಂತೆ. ತನಗೆ ಆ ಚಿಂತೆ ಒಂದಿಷ್ಟೂ ಇಲ್ಲ ಅನ್ನುತ್ತಾನೆ. ಯಾಕಂದರೆ ಅವರು ಚಳಿಗೆ, ಹಸಿವಿಗೆ, ಕೊಳಕಿಗೆ, ಹುಳಹುಪ್ಪಟೆಗೆ ದಿನಾ ಸಾಯುತ್ತಲೇ ಇದ್ದಾರೆ, ನಾವು ನಿರೀಕ್ಷಿಸಬಹುದಾದಷ್ಟು ಬೇಗನೇ. ಈ ಮಾತಿನಲ್ಲಿ ಕಟ್ಟುಕಥೆ ಯಾವುದೂ ಇಲ್ಲ. ಮಕ್ಕಳ ಮಾಂಸದ ಅಂಗಡಿ ಕಲ್ಪನೆ, ಬೀದಿಯಲ್ಲಿ ಕೊಳೆತು ಸಾಯುವವರು ನಿಜ. ಎರಡನ್ನೂ ಒಂದೇ ದನಿಯಲ್ಲಿ, ಅದೇ ನಿರಾಳದಲ್ಲಿ ಹೇಳಿಬಿಡುತ್ತಾನೆ. 'ಇದೆಲ್ಲ ಸುಮ್ನೆ ಉತ್ಪ್ರೇಕ್ಷೆ' ಅಂದುಕೊಂಡು ಓದುತ್ತಿದ್ದವರಿಗೆ ಇಲ್ಲಿ ಕಾಲು ಜಾರುತ್ತದೆ.

ವೇಷದ ಹೊಲಿಗೆ ಬಿಚ್ಚಿಕೊಳ್ಳುವ ಜಾಗಗಳೂ ಇವೆ. ಬೇಕಂತಲೇ ಬಿಟ್ಟಿದ್ದು. ಈ ಮಾಂಸ ಸ್ವಲ್ಪ ದುಬಾರಿ, ಹಾಗಾಗಿ ಜಮೀನ್ದಾರರಿಗೇ ಸರಿ, ತಂದೆತಾಯಿಯರನ್ನು ಆಗಲೇ ಹೆಚ್ಚುಕಮ್ಮಿ ತಿಂದು ಮುಗಿಸಿರುವ ಅವರಿಗೇ ಮಕ್ಕಳ ಮೇಲೂ ಮೊದಲ ಹಕ್ಕು ಅನ್ನುತ್ತಾನೆ. ಉಪ್ಪು ಹಾಕಿ ರಫ್ತು ಮಾಡುವಷ್ಟು ಗಟ್ಟಿ ಮಾಂಸ ಇದಲ್ಲ, ಆದರೆ ಉಪ್ಪೇ ಇಲ್ಲದೆ ನಮ್ಮ ಇಡೀ ದೇಶವನ್ನು ನುಂಗಲು ಕಾದಿರುವ ದೇಶವೊಂದರ ಹೆಸರು ಬೇಕಾದರೆ ಹೇಳಬಲ್ಲೆ ಅನ್ನುತ್ತಾನೆ. ಯಾವ ದೇಶ ಅಂತ ಡಬ್ಲಿನ್‌ನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಐರ್ಲೆಂಡಿನ ಉಣ್ಣೆ ಬಟ್ಟೆ ಹೊರದೇಶಗಳಿಗೆ ಹೋಗದಂತೆ ಇಂಗ್ಲೆಂಡಿನ ಪಾರ್ಲಿಮೆಂಟ್ 1699ರಲ್ಲೇ ಕಾನೂನು ಮಾಡಿತ್ತು. ಎಷ್ಟೋ ಜಮೀನ್ದಾರರು ಗೇಣಿ ವಸೂಲಿ ಮಾಡುವುದು ಐರ್ಲೆಂಡಿನಲ್ಲಿ, ಖರ್ಚು ಮಾಡುವುದು ಇಂಗ್ಲೆಂಡಿನಲ್ಲಿ.

ಹಾಗಾದರೆ ಸ್ವಿಫ್ಟ್‌ನ ನಿಜವಾದ ಸಲಹೆ ಎಲ್ಲಿದೆ? ಕೊನೆಯ ಹತ್ತಿರ ಇದೆ, ಮಾತಾಡುವವನು ಸಿಡುಕುವ ಕಡೆ. 'ಬೇರೆ ಉಪಾಯಗಳ ಮಾತು ನನ್ನ ಹತ್ತಿರ ಎತ್ತಬೇಡಿ' ಅಂತ ಒಂದು ಉದ್ದದ ಪಟ್ಟಿ ಕೊಡುತ್ತಾನೆ. ಹೊರಗೆ ಕೂತ ಜಮೀನ್ದಾರರಿಗೆ ಪೌಂಡಿಗೆ 5 ಶಿಲ್ಲಿಂಗ್ ತೆರಿಗೆ ಹಾಕುವುದು, ನಮ್ಮಲ್ಲೇ ತಯಾರಾದ ಬಟ್ಟೆ, ಪೀಠೋಪಕರಣಗಳನ್ನೇ ಬಳಸುವುದು, ಜಮೀನ್ದಾರರಿಗೆ ಗೇಣಿದಾರರ ಮೇಲೆ ಒಂಚೂರಾದರೂ ಕರುಣೆ ಕಲಿಸುವುದು, ಹೀಗೆ. ಸ್ವದೇಶಿ ಬಟ್ಟೆಯ ಮಾತನ್ನು ಸ್ವಿಫ್ಟ್ 1720ರಲ್ಲೇ ಯಾವ ವ್ಯಂಗ್ಯವೂ ಇಲ್ಲದೆ ಬರೆದಿದ್ದ. ಫಲ? ಮುದ್ರಕನ ಮೇಲೆ ಮೊಕದ್ದಮೆ. ಹಾಗಾಗಿ ಆ 'ಎತ್ತಬೇಡಿ' ಅನ್ನುವುದರಲ್ಲಿ ಬರೀ ಜಾಣತನ ಇಲ್ಲ, ಹೇಳಿ ಹೇಳಿ ಸಾಕಾದವನ ಸಿಟ್ಟೂ ಇದೆ. ಸಿಟ್ಟು ಇಂಗ್ಲೆಂಡಿನ ಮೇಲೆ ಮಾತ್ರ ಅಲ್ಲ, ಹೇಳಿದ್ದನ್ನು ಕೇಳದ ತನ್ನ ಜನರ ಮೇಲೂ.

'ಇದು ವಿಡಂಬನೆ' ಅಂತ ಮೇಲೆ ಬೋರ್ಡ್ ಹಾಕಿದ್ದರೆ ಒಳ್ಳೆಯದಿತ್ತಲ್ಲ ಅನ್ನುವವರಿದ್ದಾರೆ. ಬೋರ್ಡ್ ಇದ್ದಿದ್ದರೆ ನಾವು ಮೊದಲ ಪುಟದಲ್ಲೇ ಸುರಕ್ಷಿತವಾಗಿ ಆಚೆ ನಿಂತು ನಗುತ್ತಿದ್ದೆವು, ತಲೆಯಾಡಿಸಿ ಸಿಕ್ಕಿಬೀಳುತ್ತಿರಲಿಲ್ಲ. ಬೋರ್ಡ್ ಇಲ್ಲದಿದ್ದರೆ ಅಪಾಯ ಇಲ್ಲವೇ ಇಲ್ಲ ಅಂತಲ್ಲ. 1702ರಲ್ಲಿ ಡೇನಿಯಲ್ ಡಿಫೋ ಎಂಬ ಲೇಖಕ ಲಂಡನ್ನಿನಲ್ಲಿ ಒಂದು ಪುಸ್ತಿಕೆ ಬರೆದ. ತಾನೇ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದ ಭಿನ್ನಮತದ ಕ್ರೈಸ್ತ, ಆದರೆ ಭಿನ್ನಮತದವರನ್ನು ನಿರ್ನಾಮ ಮಾಡಿ ಅನ್ನುವ ಕಟ್ಟರ್ ಚರ್ಚಿನವನ ದನಿಯಲ್ಲಿ ಬರೆದ. ನಕಲು ಎಷ್ಟು ಚೆನ್ನಾಗಿತ್ತೆಂದರೆ ಎರಡೂ ಕಡೆಯ ಎಷ್ಟೋ ಜನ ನಿಜ ಅಂತಲೇ ನಂಬಿದರು. ಗುಟ್ಟು ರಟ್ಟಾದ ಮೇಲೆ ದಂಡ, ಜೈಲು, 1703ರಲ್ಲಿ ಮೂರು ದಿನ ಬೀದಿಯಲ್ಲಿ ಹಲಗೆಗೆ ಕುತ್ತಿಗೆ ಸಿಕ್ಕಿಸಿ ನಿಲ್ಲಿಸುವ ಶಿಕ್ಷೆ. ಡಿಫೋ ವೇಷದಲ್ಲಿ ಬಿರುಕನ್ನೇ ಬಿಟ್ಟಿರಲಿಲ್ಲ. ಅವನ ಕಾಲದಲ್ಲಿ ಅಂಥ ಮಾತನ್ನು ನಿಜವಾಗಿಯೂ ಆಡುವವರಿದ್ದರು ಬೇರೆ. ಸ್ವಿಫ್ಟ್‌ನ ಕೈಚಳಕ ಜಾಸ್ತಿ ಅಂತ ನಾನು ಹೇಳುವುದು ಇದಕ್ಕೇ. ಅವನ ಸಲಹೆ ಯಾರೂ ನಿಜ ಅಂತ ನಂಬಲಾರದಷ್ಟು ಘೋರ, ಅದನ್ನು ಹೇಳುವ ದನಿ ಮಾತ್ರ ದಿನಾ ಕೇಳುವಂಥದ್ದು.

ಇಷ್ಟೆಲ್ಲ ಹೇಳಿದ ಮೇಲೆ, ಸ್ವಿಫ್ಟ್‌ನನ್ನು ಬಡವರ ಬಂಧು ಅಂತ ಹೊತ್ತು ಮೆರೆಸುವವರಿಗೂ ನನ್ನದೊಂದು ತಕರಾರಿದೆ. 1737ರಲ್ಲಿ ಅದೇ ಸ್ವಿಫ್ಟ್ ಡಬ್ಲಿನ್‌ನ ಭಿಕ್ಷುಕರ ಬಗ್ಗೆ ಇನ್ನೊಂದು ಪುಸ್ತಿಕೆ ತಂದ. ಭಿಕ್ಷುಕರು ತಮ್ಮ ಚರ್ಚಿನ ಸರಹದ್ದಾದ ಪ್ಯಾರಿಷ್‌ನ ಬಿಲ್ಲೆ ಎದ್ದು ಕಾಣುವಂತೆ ಧರಿಸಬೇಕು, ಹೊರಗಿನಿಂದ ಬಂದವರನ್ನು ಊರಿಂದ ಓಡಿಸಬೇಕು, ಇವರಲ್ಲಿ ಹೆಚ್ಚಿನವರು ಸೋಮಾರಿತನ, ಕುಡಿತ, ಕಳ್ಳತನದಿಂದಲೇ ಈ ಗತಿಗೆ ಬಂದವರು ಅಂತ ಅದರ ವಾದ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ. ಮೊದಲನೆಯದನ್ನು ಓದಿ ಕಿವಿ ಚುರುಕಾದವರು ಎರಡನೆಯದರಲ್ಲೂ ವೇಷ ಎಲ್ಲಿ ಬಿಚ್ಚಿಕೊಳ್ಳುತ್ತದೆ ಅಂತ ಕಾಯುತ್ತಾ ಹೋಗುತ್ತಾರೆ. ಎಲ್ಲೂ ಬಿಚ್ಚಿಕೊಳ್ಳುವುದಿಲ್ಲ. ಅಲ್ಲಿ ಮಾತಾಡುತ್ತಿರುವವನು ಸ್ವಿಫ್ಟೇ.