ಸೊಪ್ಪಿನ ಡಬ್ಬಿ ಬರುವುದು ಒಂದೇ ಸಲ

1936ರ ‘ಪೊಪಾಯ್ ದ ಸೇಲರ್ ಮೀಟ್ಸ್ ಸಿಂದಬಾದ್ ದ ಸೇಲರ್’ ಕಾರ್ಟೂನಿನ ಕೊನೆ ಸಪ್ಪೆ, ನಾವಿಕ ಪೊಪಾಯ್ ಡಬ್ಬಿಯಲ್ಲಿನ ಪಾಲಕ್ ಸೊಪ್ಪು ತಿಂದು ಬಲ ಬಂದರೆ ಎಲ್ಲ ಸಲೀಸು ಅಂತ ನಿಮ್ಮ ವಿಮರ್ಶೆಯಲ್ಲಿ ಬರೆದಿದ್ದೀರಿ. ನಾನಂತೂ ಒಪ್ಪಲ್ಲ. ಆ ದೈತ್ಯ ಹಕ್ಕಿ ರಾಕ್ ಅನ್ನು ಪೊಪಾಯ್ ಸೋಲಿಸುವುದು ಸೊಪ್ಪಿನ ಬಲದಿಂದಲ್ಲ. ಎರಡು ತಲೆಯ ರಾಕ್ಷಸ ಬೂಲಾನನ್ನು ಮಣಿಸುವುದೂ ಬರಿಗೈಯಲ್ಲೇ. ಡಬ್ಬಿ ಹೊರಗೆ ಬರುವುದು ದ್ವೀಪದ ಒಡೆಯ, ಎದುರಾಳಿ ಸಿಂದಬಾದನ ಕೈಯಲ್ಲಿ ಚೆನ್ನಾಗಿ ಪೆಟ್ಟು ತಿಂದ ಮೇಲೆ, ಒಂದೇ ಸಲ. ಅಲ್ಲಿವರೆಗೆ ಕಾಯಿಸಿದ್ದಕ್ಕೇ ಆಮೇಲೆ ಪೊಪಾಯ್ ಕೊಡುವ ಹೊಡೆತಕ್ಕೆ ಅಷ್ಟು ತೂಕ ಬಂದಿದೆ.

ಇನ್ನೊಂದು ಮಾತು ನೀವು ಬಿಟ್ಟೇಬಿಟ್ಟಿದ್ದೀರಿ. ಶುರುವಿನಲ್ಲಿ ಸಿಂದಬಾದ್ ತನ್ನಂಥ ಅದ್ಭುತ ಮನುಷ್ಯ ಇನ್ಯಾರು ಅಂತ ಹಾಡಿ ಕೇಳುತ್ತಾನೆ. ದ್ವೀಪದ ಮೃಗಗಳೆಲ್ಲ ಅವನ ಹೆಸರನ್ನೇ ಕೂಗುತ್ತವೆ, ಪಾಪ, ಹೆದರಿಕೊಂಡು. ಕೊನೆಯಲ್ಲಿ ಆ ಹೆಗ್ಗಳಿಕೆ ಪೊಪಾಯ್ ಪಾಲಾಗುತ್ತದೆ. ಅಂದರೆ ಇಡೀ ಕಥೆಯ ಜಗಳ ಆ ಹಾಡಿಗಾಗಿಯೇ ಅಲ್ವಾ? ಗುದ್ದಾಟ ಅದಕ್ಕೊಂದು ದಾರಿ ಅಷ್ಟೇ. ಈ ಕಾರ್ಟೂನ್ ಮಾಡಿದ ಫ್ಲೈಷರ್ ಸ್ಟುಡಿಯೋದವರು ಸಿಕ್ಕಿದ 16 ನಿಮಿಷದಲ್ಲಿ ಇಷ್ಟು ಬಿಗಿಯಾಗಿ ಗಂಟು ಹಾಕಿದ್ದಾರೆ. ಇದನ್ನು ಸುಮ್ನೆ ‘ಮಾಮೂಲಿ ಕೊನೆ’ ಅಂದುಬಿಡುವುದು ಅನ್ಯಾಯ. ಆ ಮೊದಲ ಹಾಡನ್ನು ಇನ್ನೊಮ್ಮೆ ಗಮನವಿಟ್ಟು ಕೇಳಿ, ಆಮೇಲೆ ಕೊನೆಯ ಎರಡು ನಿಮಿಷ ನೋಡಿ.